ಕೋಲಿಗಿಂತ ಕಪ್ಪೆ ಲೇಸು

ನಾಯಿಯ ಬಾಲ ಡೊಂಕು ಎಂಬ ಗಾದೆಯನ್ನು ಯಾರು ಕಟ್ಟಿದರೋ ನನಗೆ ತಿಳಿಯದು. ಆ ಪುಣ್ಯಾತ್ಮರು ನಾಯಿಯನ್ನು ಹಿಂದಿನಿಂದ ನೋಡಿದ್ದರೇ ಹೊರತು ಎದುರಿಗೆ ಕುಳಿತು ಅದರ ಮುಖವನ್ನು ನೋಡಿದವರಲ್ಲ ಎಂಬುದಂತೂ ಖಂಡಿತ. ಮೂವತ್ತೆರಡು ವರ್ಷಗಳ ನನ್ನ ಅಧ್ಯಾಪಕ ವೃತ್ತಿಯಲ್ಲಿ ಈ ಗಾದೆಯನ್ನು ನೂರಾರು ಸಲ ಕೇಳಿದ್ದೇನೆ. ಕೇಳಿದ್ದು ನಾಯಿಯ ಸಂಗತಿಗಲ್ಲ, ಮಕ್ಕಳ ಸಂಗತಿಗೆ. ಪಾಠ ಮುಗಿಸಿ ಬಂದ ಮಾಸ್ತರರು ಸೀಮೆಸುಣ್ಣದ ಕೈ ಕೊಡವಿಕೊಳ್ಳುತ್ತ, "ಎಷ್ಟು ತಿದ್ದಿದರೂ ಅಷ್ಟೇ, ನಾಯಿ ಬಾಲ" ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಬ್ಬರು "ದಂಡಂ ದಶಗುಣಂ" ಎನ್ನುತ್ತಾರೆ. ಕಲಿಯದಿದ್ದರೆ ತಪ್ಪು ಕಲಿಯುವವರದು. ಕಲಿತರೆ ಪುಣ್ಯ ಕೋಲಿನದು. ಈ ಲೆಕ್ಕದಲ್ಲಿ ಕಲಿಸುವವರು ಎಲ್ಲಿಯೂ ಸಿಕ್ಕಿಬೀಳುವುದಿಲ್ಲ. ಈ ಲೆಕ್ಕ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಬರಹ.

ನನಗೆ ಇದನ್ನು ಹೇಳುವ ಧೈರ್ಯ ಕೊಟ್ಟದ್ದು ನಮ್ಮ ಮನೆಯ ಕೆಂಪಿ. ಅವಳು ಜಾತಿನಾಯಿಯಲ್ಲ. ಒಂದು ಮಳೆಗಾಲದ ಸಂಜೆ ಶಾಲೆಯ ಬಿಸಿಯೂಟದ ಕೋಣೆಯ ಹಿಂದೆ ಒದ್ದೆಯಾಗಿ ನಡುಗುತ್ತಿದ್ದ ಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ವರ್ಷ ತುಂಬುವಷ್ಟರಲ್ಲಿ ಅವಳ ಉಪದ್ವ್ಯಾಪ ಹೇಳತೀರದಾಯಿತು. ಬಂದವರ ಮೇಲೆಲ್ಲ ಹಾರುವುದು, ಹಾಲಿನವನ ಬೈಕಿನ ಹಿಂದೆ ಓಡುವುದು, ತುಳಸಿಕಟ್ಟೆಯ ಮಣ್ಣು ಕೆದರುವುದು. ನಮ್ಮ ಮನೆಯವರು ಪೇಟೆಯಿಂದ ಒಬ್ಬ ತರಬೇತುದಾರನನ್ನು ಗೊತ್ತುಮಾಡಿದರು. ಅವನು ಕುತ್ತಿಗೆ ಬಿಗಿಯುವ ಸರಪಳಿಯೊಂದನ್ನು ತಂದ. "ಅಕ್ಕೋರೇ, ನೀವು ಒಳಗೆ ಹೋಗಿ. ನೀವು ಎದುರಿಗಿದ್ದರೆ ಇದಕ್ಕೆ ಸಲಿಗೆ" ಎಂದ. ನಾನು ಒಳಗೆ ಹೋದೆ. ಅಂಗಳದಿಂದ ಆಗಾಗ ಒಂದು ಕುಂಯ್ ಎಂಬ ಸದ್ದು ಕೇಳುತ್ತಿತ್ತು. ನಾನು ಕುಕ್ಕರಿನ ಸೀಟಿಗೆ ಕಿವಿಗೊಟ್ಟೆ.

ಮೂರು ವಾರದಲ್ಲಿ ಕೆಂಪಿ "ಕೂರು" ಎಂದರೆ ಕೂರತೊಡಗಿದಳು. ನೆಂಟರು ನೋಡಿ "ಎಂಥ ಶಿಸ್ತು!" ಎಂದು ಬಾಯಿ ತುಂಬ ಹೊಗಳಿದರು. ಅವರು ನೋಡದಿದ್ದುದು ಕೂತ ಜಾಗದಲ್ಲಿ ಅವಳು ಉಚ್ಚೆ ಹೊಯ್ದುಕೊಳ್ಳುತ್ತಿದ್ದುದನ್ನು. ಒಂದು ದಿನ ತಂತಿಯ ಮೇಲಿನ ಬಟ್ಟೆ ತೆಗೆಯಲು ನಾನು ಕೈ ಎತ್ತಿದೆ. ಅವಳು ನೆಲಕ್ಕೆ ಹೊಟ್ಟೆ ಹಚ್ಚಿ ತೆವಳುತ್ತ ಹೋಗಿ ಮಂಚದ ಕೆಳಗೆ ಸೇರಿಕೊಂಡಳು. ಆ ಮುದುಡುವ ರೀತಿಯನ್ನು ನಾನು ಹಿಂದೆ ಎಲ್ಲೋ ಕಂಡಿದ್ದೆ. ಎಲ್ಲಿ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮರುದಿನವೇ ತರಬೇತುದಾರನಿಗೆ ಆ ತಿಂಗಳ ಪೂರ್ತಿ ಹಣ ಕೊಟ್ಟು, ಇನ್ನು ಬರುವುದು ಬೇಡವೆಂದೆ.

ಇನ್ನು ಏನು ಮಾಡುವುದು? ಬಿ.ಎಡ್. ಓದುವಾಗ ಸ್ಕಿನ್ನರನ "ಕ್ರಿಯಾಪ್ರಸೂತ ಅನುಬಂಧನ"ದ ಮೇಲೆ ಟಿಪ್ಪಣಿ ಕಂಠಪಾಠ ಮಾಡಿದ್ದು ನೆನಪಾಯಿತು. ಪೆಟ್ಟಿಗೆ, ಇಲಿ, ಸನ್ನೆಗೋಲು, ಕಾಳು, ಪುನರ್ಬಲನ. ಪರೀಕ್ಷೆಯಲ್ಲಿ ಅಂಕ ಬಂದಿತ್ತು, ಅರ್ಥ ಬಂದಿರಲಿಲ್ಲ. ಅದನ್ನು ಬಾಯಿಪಾಠ ಮಾಡಿದ ವಾರವೇ ಪಾಠಾಭ್ಯಾಸಕ್ಕೆಂದು ಹೋದ ಶಾಲೆಯಲ್ಲಿ ನಾನು ಬೆತ್ತ ಹಿಡಿದು ನಿಂತಿದ್ದೆ! ನಮ್ಮಲ್ಲಿ ಶಿಕ್ಷಣಶಾಸ್ತ್ರ ಉತ್ತರಪತ್ರಿಕೆಗೆ, ಬೆತ್ತ ತರಗತಿಗೆ ಎಂದು ಕೆಲಸ ಹಂಚಿಕೆಯಾಗಿಬಿಟ್ಟಿದೆ.

ಈ ಸಲ ಪರೀಕ್ಷೆಗಲ್ಲದೆ ಓದಿದೆ. ಅಮೆರಿಕದ ಬಿ.ಎಫ್. ಸ್ಕಿನ್ನರ್ 1951ರಲ್ಲಿ "ಸೈಂಟಿಫಿಕ್ ಅಮೆರಿಕನ್" ಪತ್ರಿಕೆಯಲ್ಲಿ ಪ್ರಾಣಿಗಳಿಗೆ ಕಲಿಸುವುದು ಹೇಗೆ ಎಂಬ ಲೇಖನ ಬರೆದ. ನಾಯಿ ಸರಿಯಾದದ್ದನ್ನು ಮಾಡಿದ ಕ್ಷಣದಲ್ಲೇ ಒಂದು ಶಬ್ದ ಮಾಡಿ, ಆಮೇಲೆ ತಿನಿಸು ಕೊಡಿ ಎಂಬುದು ಅದರ ಸಾರ. ಆ ಶಬ್ದಕ್ಕೆ ಅವನು ಸೂಚಿಸಿದ ಉಪಕರಣವೇನು ಗೊತ್ತೇ? ಮಕ್ಕಳು ಆಡುವ, ಒತ್ತಿದರೆ ಟಿಕ್ ಎನ್ನುವ ತಗಡಿನ ಆಟಿಕೆ. ಅವರಲ್ಲಿ ಅದನ್ನು ಮಿಡತೆ ಎನ್ನುತ್ತಾರೆ. ನಮ್ಮ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ನಾವು ಹಟ ಮಾಡಿ ಕೊಳ್ಳುತ್ತಿದ್ದ ತಗಡಿನ ಕಪ್ಪೆಯೂ ಅದೇ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯಲ್ಲಿ ನಾನು ಕೊಂಡಿದ್ದ ಹಸಿರು ಬಣ್ಣದ ಕಪ್ಪೆಯೊಂದು ಅಟ್ಟದ ಮೇಲಿನ ಟ್ರಂಕಿನಲ್ಲಿ ಇನ್ನೂ ಇತ್ತು. ಬಣ್ಣ ಹೋಗಿತ್ತು, ಸದ್ದು ಹೋಗಿರಲಿಲ್ಲ. ಈಗ ಪೇಟೆಯಲ್ಲಿ ಇದನ್ನೇ ಪ್ಲಾಸ್ಟಿಕ್ಕಿನಲ್ಲಿ ಮಾಡಿ ಕ್ಲಿಕ್ಕರ್ ಎಂದು ಮಾರುತ್ತಾರೆ. ಅದೂ ಇಲ್ಲದಿದ್ದರೆ ಗುಂಡಿಯೊತ್ತುವ ಬಾಲ್‌ಪೆನ್ನು ಸಾಕು. ಅಧ್ಯಾಪಕರ ಜೇಬಿನಲ್ಲಿ ಅದಕ್ಕೆ ಬರವಿಲ್ಲ.

ಮೊದಲ ದಿನ ಕೆಂಪಿಗೆ ಯಾವ ಆಜ್ಞೆಯನ್ನೂ ಮಾಡಲಿಲ್ಲ. ಟಿಕ್ ಎನ್ನಿಸುವುದು, ಉಗುರಿನಷ್ಟು ಚಪಾತಿಯ ಚೂರು ಕೊಡುವುದು. ಹೀಗೆ ಇಪ್ಪತ್ತು ಸಲ. ಮರುದಿನ ಟಿಕ್ ಎಂದೊಡನೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ತಿಂಗಳಾದ ಮೇಲೆ ಮೊದಲ ಬಾರಿಗೆ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು. ಆಮೇಲೆ ಬಾಗಿಲಲ್ಲಿ ಯಾರಾದರೂ ಬಂದಾಗ ಅವಳ ನಾಲ್ಕೂ ಕಾಲು ನೆಲದ ಮೇಲಿದ್ದ ಕ್ಷಣವನ್ನು ಕಾದು ಟಿಕ್ ಎನ್ನಿಸತೊಡಗಿದೆ. ಹಾರಿದರೆ ಬೈಯಲಿಲ್ಲ, ಬಂದವರು ಬೆನ್ನು ತಿರುಗಿಸಿ ನಿಂತರು. ಹತ್ತು ದಿನಕ್ಕೆ ಹಾರುವುದು ನಿಂತಿತು.

ಆ ಸದ್ದಿನಲ್ಲಿ ಮಂತ್ರವೇನೂ ಇಲ್ಲ, ಸಮಯವಿದೆ. ನಾಯಿ ಸರಿಯಾಗಿ ಕೂತಾಗ ನೀವು ಡಬ್ಬಿ ತೆರೆದು ಚೂರು ತೆಗೆದು ಅದರ ಬಾಯಿಗಿಡಲು ಮೂರು ನಾಲ್ಕು ಸೆಕೆಂಡು ಬೇಕು. ಅಷ್ಟರಲ್ಲಿ ಅದು ಎದ್ದು, ಮೂಸಿ, ಕಾಲೆತ್ತಿ ಬೇಡಿರುತ್ತದೆ. ಬಹುಮಾನ ಸಿಕ್ಕಿದ್ದು ಯಾವುದಕ್ಕೆ? ಅದಕ್ಕೇ ಗೊತ್ತಾಗುವುದಿಲ್ಲ. ಟಿಕ್ ಎಂಬುದು ಆ ಕ್ಷಣದ ಕೆಳಗೆ ಎಳೆದ ಗೆರೆ. ನಮ್ಮ ಅಮ್ಮ ಅಕ್ಕಚ್ಚಿನ ಬಕೆಟ್ಟು ಸದ್ದು ಮಾಡಿದರೆ ಗುಡ್ಡದ ದನ ಇಳಿದು ಬರುತ್ತಿತ್ತು. ಅದು ಕರೆ. ಟಿಕ್ ಕರೆಯಲ್ಲ, ತೀರ್ಪು: "ಈಗ ಮಾಡಿದೆಯಲ್ಲ, ಅದೇ ಸರಿ." ಪರೀಕ್ಷೆ ಮುಗಿದು ಹದಿನೈದು ದಿನಕ್ಕೆ ಕೆಂಪು ಶಾಯಿಯ ಉತ್ತರಪತ್ರಿಕೆ ಹಂಚುವ ನಾವು, ಮಕ್ಕಳಿಗೆ ತಪ್ಪು ತಿಳಿಯುವುದಿಲ್ಲ ಎಂದು ದೂರುತ್ತೇವೆ. ಹದಿನೈದು ದಿನಕ್ಕೆ ಹುಡುಗ ತಾನು ಬರೆದದ್ದನ್ನೇ ಮರೆತಿರುತ್ತಾನೆ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಗಣಿತದ ಮಾಸ್ತರರು ನಕ್ಕು, "ಅಕ್ಕೋರೇ, ಇದು ಲಂಚ ಅಲ್ದೆ ಮತ್ತೆಂತದು?" ಎಂದರು. ಈ ಆಕ್ಷೇಪ ಎಲ್ಲ ಕಡೆ ಕೇಳಿಬರುವುದರಿಂದ ಇಲ್ಲಿಯೇ ಉತ್ತರಿಸಿಬಿಡುತ್ತೇನೆ. ಲಂಚವನ್ನು ಕೆಲಸಕ್ಕೆ ಮೊದಲು ತೋರಿಸುತ್ತಾರೆ, ನ್ಯಾಯ ಕೆಡಿಸುವುದಕ್ಕೆ ಕೊಡುತ್ತಾರೆ. ಕೆಲಸವಾದ ಮೇಲೆ, ಕೆಲಸಕ್ಕೆ ತಕ್ಕಂತೆ ಕೊಡುವುದಕ್ಕೆ ಕನ್ನಡದಲ್ಲಿ ಕೂಲಿ ಎನ್ನುತ್ತಾರೆ. ತುಟ್ಟಿಭತ್ಯೆ ತಡವಾದರೆ ಮೊದಲು ಗುಡುಗುವವರು ಇದೇ ಮಾಸ್ತರರು. ನಾವು ಸಂಬಳ ಪಡೆದರೆ ಹಕ್ಕು, ನಾಯಿ ಚಪಾತಿ ಪಡೆದರೆ ಲಂಚ! ನಾಯಿಗೆ ರೊಟ್ಟಿ ತೋರಿಸುತ್ತ "ಬಾ ಬಾ" ಎಂದು ಕರೆಯುವುದುಂಟಲ್ಲ, ಅದು ಲಂಚಕ್ಕೆ ಹತ್ತಿರದ್ದು. ಅದನ್ನು ನಾನೂ ಒಪ್ಪುವುದಿಲ್ಲ.

ಮಾಸ್ತರರ ಎರಡನೆಯ ಪ್ರಶ್ನೆ ಗಟ್ಟಿಯಾದದ್ದು. "ಕಿಸೆಯಲ್ಲಿ ತಿಂಡಿ ಇಲ್ಲದ ದಿನ ಏನು ಮಾಡ್ತೀರಿ?" ಇಲ್ಲಿಯೇ ಬಹುಮಾನವನ್ನು ಬದಲಿಸುತ್ತ ಹೋಗುವ ಮಾತು ಬರುವುದು. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೊಂದು ಈ ಒಂದೇ ವಿಷಯಕ್ಕೆ ಮೀಸಲಾಗಿದೆ. ಪ್ರತಿ ಸಲವೂ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತರೆ ಬೇಗನೆ ಕುಟುಕುವುದನ್ನು ಬಿಡುತ್ತದೆ. ಯಾವ ಸಲ ಸಿಗುತ್ತದೆ ಎಂದು ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದರೆ ಬಹುಕಾಲ ಬಿಡುವುದಿಲ್ಲ. ಆದುದರಿಂದ ಹೊಸದನ್ನು ಕಲಿಸುವಾಗ ಪ್ರತಿ ಸಲ ಕೊಡಬೇಕು. ಕಲಿತ ಮೇಲೆ ವಿರಳ ಮಾಡುತ್ತ, ಹೆಚ್ಚು ಚೆನ್ನಾಗಿ ಮಾಡಿದ್ದನ್ನು ಆರಿಸಿ ಕೊಡಬೇಕು.

ಆದರೆ ಇದನ್ನು ಅರ್ಧ ಕೇಳಿದವರು ಟಿಕ್ ಎನ್ನಿಸಿ ಬರಿಗೈ ತೋರಿಸುತ್ತಾರೆ. ಅದು ಬದಲಾವಣೆಯಲ್ಲ, ಮೋಸ. ಯಾವ ಕೆಲಸಕ್ಕೆ ಟಿಕ್ ಎನ್ನಿಸುವುದು ಎಂಬುದನ್ನು ಬಿಗಿಮಾಡಬಹುದು. ಟಿಕ್ ಎಂದ ಮೇಲೆ ಕೊಡಲೇಬೇಕು. ಏನು ಕೊಡುವುದು ಎಂಬುದರಲ್ಲಿ ಮಾತ್ರ ವೈವಿಧ್ಯವಿರಲಿ. ಕೆಂಪಿಗೆ ಒಮ್ಮೆ ಚಪಾತಿ, ಒಮ್ಮೆ ಬೇಯಿಸಿದ ಮೊಟ್ಟೆ, ಅಪರೂಪಕ್ಕೆ ಪಕ್ಕದ ಮನೆಯವರು ಕೊಡುವ ಒಣ ಸೀಗಡಿ. ತಿಂಡಿಯೇ ಆಗಬೇಕೆಂದೂ ಇಲ್ಲ. ಹಾಲಿನವನ ಬೈಕು ಬಂದಾಗ ಓಡದೆ ನನ್ನತ್ತ ತಿರುಗಿ ನೋಡಿದರೆ ಟಿಕ್, ಕೂಡಲೇ ಅಡಿಕೆ ತೋಟದ ದಣಪೆ ತೆಗೆದು ಓಡಲು ಬಿಡುವುದು. ಅವಳಿಗೆ ಮೊಟ್ಟೆಗಿಂತ ತೋಟದ ಓಟ ದೊಡ್ಡದು. ತನಗೆ ಯಾವುದು ಬಹುಮಾನ ಎಂಬುದನ್ನು ಕಲಿಯುವವರು ಹೇಳುತ್ತಾರೆ, ಕಲಿಸುವವರಲ್ಲ. ಇದನ್ನು ತಿಳಿಯಲು ಅವಳನ್ನು ನಾನು ದಿನವೂ ಗಮನಿಸಬೇಕಾಯಿತು. ಕೋಲು ಹಿಡಿದವರಿಗೆ ಈ ಕಷ್ಟವಿಲ್ಲ. ಕೋಲಿಗೆ ಯಾರ ಬೆನ್ನಾದರೂ ಒಂದೇ.

"ನಾಯಿಗೆ ಸರಿ, ದೊಡ್ಡ ಪ್ರಾಣಿಗೆ ಕೋಲೇ ಬೇಕು" ಎನ್ನುವವರಿದ್ದಾರೆ. ಅವರು ಸಮುದ್ರಕ್ಕೆ ಹೋಗಬೇಕು. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಕ್ಯಾರೆನ್ ಪ್ರಯರ್ ಎಂಬಾಕೆ ಡಾಲ್ಫಿನ್ನುಗಳಿಗೆ ಕಲಿಸುತ್ತಿದ್ದಳು. ನೀರಿನಲ್ಲಿರುವ ಪ್ರಾಣಿಗೆ ಸರಪಳಿ ಹಾಕಲಾಗದು, ಹೊಡೆಯಲು ಹೋದರೆ ಈಜಿ ದೂರ ಹೋಗುತ್ತದೆ. ಅಲ್ಲಿ ಉಳಿದದ್ದು ಸೀಟಿ ಮತ್ತು ಮೀನು ಮಾತ್ರ. ಹಿಂದೆ ಮಾಡದೆ ಇದ್ದದ್ದನ್ನು ಮಾಡಿದರೆ ಮಾತ್ರ ಮೀನು ಎಂದು ಅವಳು ನಿಯಮ ಮಾಡಿದಾಗ, ಆ ಡಾಲ್ಫಿನ್ನುಗಳು ಯಾರೂ ಕಲಿಸದ ಹೊಸ ಹೊಸ ಲಾಗಗಳನ್ನು ತಾವೇ ಹುಟ್ಟಿಸಿಕೊಂಡವು. ಇದರ ವರದಿ 1969ರಲ್ಲಿ ಪ್ರಕಟವಾಯಿತು. ಹೊಡೆತದಿಂದ ಕೂರಿಸಬಹುದು, ನಿಲ್ಲಿಸಬಹುದು. ಹೊಸದನ್ನು ಯೋಚಿಸುವಂತೆ ಮಾಡಿದ ಬೆತ್ತವನ್ನು ನಾನಂತೂ ಕಂಡಿಲ್ಲ.

ಇನ್ನೊಂದು ನಿದರ್ಶನ ಇಲಿಯದು. ಟಾಂಜಾನಿಯಾದಲ್ಲಿ ಅಪೊಪೊ ಎಂಬ ಸಂಸ್ಥೆ ಆಫ್ರಿಕಾದ ದೈತ್ಯ ಇಲಿಗಳಿಗೆ ಇದೇ ಟಿಕ್ ಮತ್ತು ಬಾಳೆಹಣ್ಣಿನಿಂದ ನೆಲಬಾಂಬುಗಳ ವಾಸನೆ ಹಿಡಿಯಲು ಕಲಿಸುತ್ತದೆ. ಅಲ್ಲಿ ಕಲಿತ ಮಗಾವಾ ಎಂಬ ಇಲಿ ಕಾಂಬೋಡಿಯಾದಲ್ಲಿ ನೂರಕ್ಕೂ ಹೆಚ್ಚು ನೆಲಬಾಂಬು, ಸ್ಫೋಟಕಗಳನ್ನು ಪತ್ತೆ ಮಾಡಿತು. 2020ರಲ್ಲಿ ಬ್ರಿಟನ್ನಿನ ಪ್ರಾಣಿಸೇವಾ ಸಂಸ್ಥೆಯೊಂದು ಅದಕ್ಕೆ ಶೌರ್ಯದ ಚಿನ್ನದ ಪದಕ ಕೊಟ್ಟಿತು; 2022ರ ಜನವರಿಯಲ್ಲಿ ಅದು ತೀರಿಕೊಂಡಿತು. ಮನುಷ್ಯರು ಹೂತಿಟ್ಟ ಪಾಪವನ್ನು ಬಾಳೆಹಣ್ಣಿನ ಚೂರಿಗಾಗಿ ಒಂದು ಇಲಿ ತೋರಿಸಿಕೊಟ್ಟಿತು. ಹೊಡೆತಕ್ಕೆ ಹೆದರಿದ ಪ್ರಾಣಿಯನ್ನು ನಂಬಿ ಬಾಂಬಿನ ಹೊಲದಲ್ಲಿ ಯಾರು ಹೆಜ್ಜೆಯಿಡುತ್ತಾರೆ? ಹೆದರಿದ್ದು ಇಲ್ಲದ ಕಡೆಯೂ ಇದೆ ಎನ್ನುತ್ತದೆ, ಇದ್ದ ಕಡೆ ಸುಮ್ಮನಾಗುತ್ತದೆ. ಬೆತ್ತದ ಎದುರು ನಿಂತ ಹುಡುಗ "ಅರ್ಥವಾಯಿತು" ಎನ್ನುವುದೂ ಹೀಗೆಯೇ.

ಹಾಗೆಂದು ಈ ತಗಡಿನ ಕಪ್ಪೆಯನ್ನು ದೇವರ ಗೂಡಿನಲ್ಲಿಡಬೇಕೆಂದು ನಾನು ಹೇಳುವುದಿಲ್ಲ. ಸೀಟಿ ಮೀನಿನಿಂದ ಕಲಿತ ಮಾತ್ರಕ್ಕೆ ತೊಟ್ಟಿಯಲ್ಲಿ ಕೂಡಿಹಾಕಿದ ಡಾಲ್ಫಿನ್ನಿನ ಸೆರೆ ನ್ಯಾಯವಾಗುವುದಿಲ್ಲ. ನಮ್ಮ ದೇಶದಲ್ಲಿ 2013ರಲ್ಲಿ ಡಾಲ್ಫಿನ್ ಪ್ರದರ್ಶನಾಲಯಗಳಿಗೆ ಅವಕಾಶವಿಲ್ಲವೆಂದು ಕೇಂದ್ರ ಸರ್ಕಾರ ಹೇಳಿದ್ದು ಸರಿಯೇ. ಪ್ರಾಣಿಯ ಹುಟ್ಟುಗುಣವನ್ನು ಮೀರಿಸಲೂ ಇದರಿಂದ ಆಗದು. ಸ್ಕಿನ್ನರನ ಶಿಷ್ಯರಾದ ಬ್ರೆಲ್ಯಾಂಡ್ ದಂಪತಿಗಳು ರಕೂನ್ ಎಂಬ ಪ್ರಾಣಿಗೆ ನಾಣ್ಯಗಳನ್ನು ಡಬ್ಬಿಗೆ ಹಾಕಲು ಕಲಿಸಹೊರಟರು. ಅದು ಹಾಕುವುದನ್ನು ಬಿಟ್ಟು, ತಿನಿಸನ್ನು ತೊಳೆಯುವಂತೆ ನಾಣ್ಯಗಳನ್ನು ಒಂದಕ್ಕೊಂದು ಉಜ್ಜುತ್ತ ಕೂತಿತು. 1961ರಲ್ಲಿ ಅವರು ಈ ಸೋಲನ್ನು ಮುಚ್ಚಿಡದೆ ಬರೆದರು. ಶಿಕ್ಷಣ ತಜ್ಞರಲ್ಲಿ ಇಂಥ ಪ್ರಾಮಾಣಿಕತೆ ನನಗೆ ಹೆಚ್ಚು ಕಂಡಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯದು. ಯಾವಾಗ ಸಿಗುವುದೋ ತಿಳಿಯದ ಬಹುಮಾನ ನಾಯಿಯನ್ನು ಹಿಡಿದಿಡುವಂತೆ ಮನುಷ್ಯನನ್ನೂ ಹಿಡಿದಿಡುತ್ತದೆ. ಮಟ್ಕಾ ಚೀಟಿ ಬರೆಸುವವನನ್ನು ಕಟ್ಟಿಹಾಕಿದ್ದು ಇದೇ. ಬೆರಳಿನಿಂದ ಮೇಲಕ್ಕೆ ತಳ್ಳುತ್ತ, ಮುಂದಿನದು ಚೆನ್ನಾಗಿರಬಹುದು ಎಂದು ರಾತ್ರಿ ಒಂದು ಗಂಟೆಯವರೆಗೆ ಮೊಬೈಲು ನೋಡುವ ನನ್ನ ಹತ್ತನೆಯ ತರಗತಿಯ ಮಕ್ಕಳನ್ನು ಹಿಡಿದಿರುವುದೂ ಇದೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾನೂನು ಮಾಡಬೇಕಾಯಿತು. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಬಹುಮಾನವೋ ದಂಡವೋ" ಎಂದಷ್ಟೇ ಅಲ್ಲ, "ಯಾರ ಹಿತಕ್ಕಾಗಿ?" ಎಂಬುದೂ ಹೌದು. ಕೆಂಪಿ ಬೈಕಿಗೆ ಸಿಕ್ಕದೆ ಬದುಕಲಿ ಎಂದು ನಾನು ಮೊಟ್ಟೆ ಕೊಟ್ಟೆ. ಮೊಬೈಲಿನವನು ಕೊಡುವ ಮೊಟ್ಟೆಯ ಲಾಭ ಅವನಿಗೇ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. 1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದನ್ನು ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಮೊದಲೇ ಹೇಳಿದರು. ಮುಂದೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ತಾನಾಗಿ ಹರಿಯುವ ನೀರಿಗೆ ಪಂಪು ಜೋಡಿಸಬಾರದು. ಗೋಡೆ ತುಂಬ ನಕ್ಷತ್ರದ ಪಟ್ಟಿ ಅಂಟಿಸಿ, ಹಿಂದುಳಿದವರ ಹೆಸರಿನ ಎದುರು ಖಾಲಿ ಜಾಗವನ್ನು ಮೆರವಣಿಗೆ ಮಾಡುವ ಇಂದಿನ ಶಾಲೆಗಳು ಬೆತ್ತವನ್ನು ಬಿಟ್ಟಿಲ್ಲ, ಅದಕ್ಕೆ ಬಣ್ಣದ ಕಾಗದ ಸುತ್ತಿವೆ.

ಈಗ ಕೊನೆಗೆ ಹೇಳುತ್ತೇನೆಂದ ಮಾತು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಉಕ್ತಲೇಖನದಲ್ಲಿ ಒಂದು ತಪ್ಪಿಗೆ ಒಂದು ಏಟು ಎಂಬ ನಿಯಮ ನನ್ನದು. ಬೇರೆಯವರ ಮೇಲೆ ಹಾಕಲಾರೆ, ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. "ಸ್ವಾತಂತ್ರ್ಯ" ಎಂಬ ಪದದ ಒತ್ತಕ್ಷರ ಅವನಿಗೆ ಎಂದೂ ಸರಿಬರಲಿಲ್ಲ. ನಾಗರಬೆತ್ತ ಎತ್ತಿದೊಡನೆ ಅವನು ಅಂಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡುತ್ತಿದ್ದ. ಏಟಿನ ಮೇಲೆ ಏಟು ಬಿದ್ದರೂ ಒತ್ತಕ್ಷರ ತಿದ್ದಲಿಲ್ಲ; ಮುದುಡುವುದನ್ನು ಮಾತ್ರ ಚೆನ್ನಾಗಿ ಕಲಿತ. ಮರುವರ್ಷ ಶಾಲೆ ಬಿಟ್ಟು ದನ ಕಾಯಲು ಹೋದ. ಕೆಂಪಿ ಮಂಚದ ಕೆಳಗೆ ಸೇರಿದಾಗ ನನಗೆ ನೆನಪಾದದ್ದು ಅವನು.

ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಅವನೇ ಬಂದು ನಮಸ್ಕರಿಸಿದ. ಈಗ ಟೆಂಪೋ ಓಡಿಸುತ್ತಾನೆ. ಮಾತನಾಡುತ್ತ ನಾನು ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದರೆ ಅವನ ತಲೆ ಒಂದಿಷ್ಟು ಹಿಂದಕ್ಕೆ ಹೋಯಿತು. ಅವನಿಗೇ ನಾಚಿಕೆಯಾಗಿ ನಕ್ಕ. "ನಿಮ್ಮ ಏಟಿನಿಂದಲೇ ಮನುಷ್ಯನಾದೆ ಅಕ್ಕೋರೇ" ಎಂದ. ಈ ಮಾತನ್ನು ಎಷ್ಟು ಅಧ್ಯಾಪಕರು ಪದಕದಂತೆ ಎದೆಗೆ ಚುಚ್ಚಿಕೊಂಡು ತಿರುಗುತ್ತಾರೆ! ನಾನು ಅದನ್ನು ಸ್ವೀಕರಿಸಲಾರೆ. ಅವನು ಮನುಷ್ಯನಾದದ್ದು ನನ್ನ ಏಟಿನಿಂದಲ್ಲ, ಅದರ ಹೊರತಾಗಿಯೂ. ಏಟು ತಿಂದೂ ಮುಂದೆ ಬಂದವರು ಶಿಕ್ಷಕರ ದಿನಾಚರಣೆಯಲ್ಲಿ ಭಾಷಣ ಮಾಡುತ್ತಾರೆ. ಏಟು ತಿಂದು ಶಾಲೆ ಬಿಟ್ಟವರನ್ನು ಆ ವೇದಿಕೆಗೆ ಯಾರೂ ಕರೆಯುವುದಿಲ್ಲ. ಹಾಗಾಗಿ ಬೆತ್ತದ ಪರವಾದ ಸಾಕ್ಷಿಗಳು ಮಾತ್ರ ನಮ್ಮ ಕಿವಿಗೆ ಬೀಳುತ್ತವೆ.

ಕಡ್ಡಾಯ ಶಿಕ್ಷಣದ ಹಕ್ಕಿನ 2009ರ ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೂ ಬೆತ್ತವನ್ನು ಕಳೆದುಕೊಂಡ ದುಃಖ ಸ್ಟಾಫ್ ರೂಮುಗಳಲ್ಲಿ ಇನ್ನೂ ಆರಿಲ್ಲ. "ಕೈ ಕಟ್ಟಿಹಾಕಿದ್ದಾರೆ, ಇನ್ನು ಕಲಿಸುವುದು ಹೇಗೆ?" ಎನ್ನುತ್ತಾರೆ. ಕೈ ಕಟ್ಟಿದರೆ ಕಣ್ಣಿದೆಯಲ್ಲ! ಮಗು ಸರಿಯಾಗಿ ಮಾಡಿದ ಕ್ಷಣವನ್ನು ನೋಡಿ, ಆ ಕ್ಷಣದಲ್ಲೇ ಹೇಳಿ. ಮಕ್ಕಳಿಗೆ ತಗಡಿನ ಕಪ್ಪೆ ಬೇಡ, ಅವರಿಗೆ ಮಾತು ತಿಳಿಯುತ್ತದೆ. "ಈ ಒತ್ತು ಸರಿಯಾಯಿತು ನೋಡು" ಎಂದರೆ ಸಾಕು. ತಪ್ಪು ಹುಡುಕಲು ನಾವು ಪಳಗಿದ್ದೇವೆ, ಸರಿ ಹುಡುಕಲು ಇನ್ನೂ ಕಲಿಯಬೇಕಾಗಿದೆ. ನಿವೃತ್ತಿಗೆ ಎರಡು ವರ್ಷವಿರುವಾಗ ನಾನು ಅದನ್ನು ಒಂದು ಬೀದಿನಾಯಿಯಿಂದ ಕಲಿಯುತ್ತಿದ್ದೇನೆ.

ನಮ್ಮ ಗಣಿತದ ಮಾಸ್ತರರು ಇದನ್ನು ಇನ್ನೂ ಒಪ್ಪಿಲ್ಲ. ಮೊನ್ನೆ ಮನೆಗೆ ಬಂದಿದ್ದರು. ಕೆಂಪಿ ಬಾಲ ಅಲ್ಲಾಡಿಸುತ್ತ ಅವರ ಎದುರು ನಾಲ್ಕೂ ಕಾಲು ನೆಲದ ಮೇಲಿಟ್ಟು ನಿಂತಳು. "ಬಾಲ ಡೊಂಕೇ ಇದೆಯಲ್ಲ ಅಕ್ಕೋರೇ" ಎಂದರು. ಇರಲಿ ಬಿಡಿ ಎಂದೆ. ಬಾಲ ನೆಟ್ಟಗೆ ಮಾಡುವುದು ನನ್ನ ಪಠ್ಯಕ್ರಮದಲ್ಲಿ ಇರಲಿಲ್ಲ.